ಪಾಸ್ ಮಾಡ್ತೀವಿ, ಸೈನ್ಸ್ ಮಾತ್ರ ಕೇಳಬೇಡಿ

ಕಣ್ಣು ಕಾಣದ ಮಕ್ಕಳ ಮೇಲೆ ನಮ್ಮ ಶಿಕ್ಷಣ ವ್ಯವಸ್ಥೆಗೆ ಇರುವ ಪ್ರೀತಿ ಅಷ್ಟಿಷ್ಟಲ್ಲ. ಹೈಸ್ಕೂಲಿನಿಂದಲೇ ಶುರು. "ಲೆಕ್ಕ ಯಾಕೆ ಪುಟ್ಟಾ ನಿಂಗೆ? ಕಷ್ಟ ಆಗುತ್ತೆ. ಬೇರೆ ಸಬ್ಜೆಕ್ಟ್ ತಗೋ, ರಿಯಾಯಿತಿ ಇದೆ." ಮಗು ರಿಯಾಯಿತಿ ತಗೊಂಡು ಪಾಸಾಗುತ್ತದೆ. ಪಿಯುಸಿಗೆ ಸೈನ್ಸ್ ಕೇಳಲು ಹೋದರೆ ಅಷ್ಟೇ ಅಕ್ಕರೆಯ ಉತ್ತರ: "ಹತ್ತನೇ ಕ್ಲಾಸಲ್ಲಿ ಲೆಕ್ಕಾನೇ ಓದಿಲ್ವಲ್ಲಮ್ಮಾ, ಸೈನ್ಸ್ ಹೆಂಗೆ ಕೊಡೋದು?"

ಹಟ ಹಿಡಿದು ಲೆಕ್ಕ ಓದಿಯೇ ಬಂದರೆ, ಅಡ್ಡ ಹಾಕಲು ಲ್ಯಾಬ್ ಇದೆಯಲ್ಲ. ಆಸಿಡ್ ಚೆಲ್ಲಿದರೆ? ಬರ್ನರ್ ತಾಗಿದರೆ? ಕಣ್ಣಿರುವ ಹುಡುಗರು ವರ್ಷಾವರ್ಷ ಪಿಪೆಟ್ ಒಡೆಯುತ್ತಾರೆ. ಅದು ಕಲಿಕೆ, ಬಿಡಿ. ಕಣ್ಣು ಕಾಣದ ಉದ್ಯಮಿ ಶ್ರೀಕಾಂತ್ ಬೊಲ್ಲಾ ಅವರಿಗೂ ಆಂಧ್ರದಲ್ಲಿ ಹತ್ತನೇ ತರಗತಿ ಆದ ಮೇಲೆ ಸೈನ್ಸ್ ಕೊಡಲು ಒಪ್ಪಿರಲಿಲ್ಲ. ಕೋರ್ಟಿಗೆ ಹೋಗಿ ಸೀಟು ಪಡೆದರು, ಆಮೇಲೆ ಅಮೆರಿಕದ ಎಂಐಟಿಯಲ್ಲಿ ಓದಿದರು. ಉಳಿದವರಿಗೆ ಎಂಟ್ರೆನ್ಸ್ ಎಂದರೆ ಸಿಇಟಿ, ಇವರಿಗೆ ವಕಾಲತ್ತು.

ಪರೀಕ್ಷೆಗೆ ಸ್ಕ್ರೈಬ್, ಅಂದರೆ ಅಭ್ಯರ್ಥಿ ಹೇಳಿದ ಉತ್ತರ ಬರೆದುಕೊಡುವವರು, ಇರುತ್ತಾರೆ. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದಿತು ಕೇಂದ್ರದ 2018ರ ಮಾರ್ಗಸೂಚಿ. ಕಾಪಿ ಹೊಡೆಯಬಾರದಲ್ಲ! ಕನ್ನಡ ಪೇಪರಿಗೆ ಇದು ಹೇಗೋ ನಡೆದೀತು. ಕ್ಯಾಲ್ಕುಲಸ್‌ನಲ್ಲಿ ಹೀಗೆ:

"ಇಂಟಿಗ್ರಲ್ ಹಾಕು. ಕೆಳಗೆ ಸೊನ್ನೆ, ಮೇಲೆ ಪೈ."

"ಇಂಟಿಗ್ರಲ್ ಅಂದ್ರೆ ಯಾವ್ದಣ್ಣಾ?"

"ಉದ್ದಕ್ಕೆ ಎಳೆದ ಎಸ್."

"ಕ್ಯಾಪಿಟಲ್ಲಾ, ಸ್ಮಾಲಾ?"

ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದೂ ಅದೇ ಮಾರ್ಗಸೂಚಿಯಲ್ಲಿದೆ. ಎಸ್ ಬಗ್ಗೆ ಚರ್ಚೆಗೆ ಧಾರಾಳವಾಗಿ ಸಾಕು.

ಕಂಪ್ಯೂಟರ್ ಕೊಟ್ಟರೆ ತಾವೇ ಬರೆಯುತ್ತಾರೆ, ಅಲ್ವಾ? ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದವರು ಮೈಕೆಲ್ ಕರನ್, ಜೊತೆಯಾದವರು ಜೇಮ್ಸ್ ಟೇ. ಇಬ್ಬರೂ ಆಸ್ಟ್ರೇಲಿಯಾದವರು, ಇಬ್ಬರಿಗೂ ಕಣ್ಣು ಕಾಣದು. ಪುಣ್ಯಕ್ಕೆ ನಮ್ಮಲ್ಲಿ ಹುಟ್ಟಲಿಲ್ಲ. ಹುಟ್ಟಿದ್ದರೆ ಯಾರೋ ಪ್ರೀತಿಯಿಂದ ಇಬ್ಬರನ್ನೂ ಸಂಗೀತ ಮೇಷ್ಟ್ರು ಮಾಡಿಬಿಡುತ್ತಿದ್ದರು.

ಆದರೆ ಆ ಎನ್‌ವಿಡಿಎ ಕೂಡ ನಮ್ಮ ಕಚೇರಿಗಳ ಮುಂದೆ ಸುಸ್ತು. ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆ ಅದಕ್ಕೆ ಬರೀ ಚಿತ್ರ, ಬಾಯಿ ಮುಚ್ಚಿಕೊಳ್ಳುತ್ತದೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನದ್ದಾದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಮೈಮೇಲೆ ದೇವರು ಬಂದಂತೆ ಒದರುತ್ತದೆ. ವಿಷಯ: ಅಂಗವಿಕಲರಿಗೆ ಸೌಲಭ್ಯಗಳು.

ಇಷ್ಟೆಲ್ಲ ದಾಟಿ ಬಂದವರಿಗೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಇಟ್ಟಿದೆ. ಒಟ್ಟು ಶೇ. 4, ಅದರಲ್ಲಿ ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಶೇ. 1. ಆನ್‌ಲೈನ್ ಅರ್ಜಿ ತುಂಬಿ ಕೊನೆಗೆ ಬಂದರೆ ಕ್ಯಾಪ್ಚಾ: ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಒತ್ತಿ, ನೀವು ಮನುಷ್ಯರೆಂದು ತೋರಿಸಿ. ಒತ್ತಲಾಗಲಿಲ್ಲವೇ? ಫೈಲಿನಲ್ಲಿ "ಸೂಕ್ತ ಅಭ್ಯರ್ಥಿ ಲಭ್ಯವಿಲ್ಲ" ಎಂದು ಬರೆದು ಹುದ್ದೆಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಆಗಲೂ ಸಿಗದಿದ್ದರೆ ಬೇರೆ ಬಗೆಯ ಅಂಗವೈಕಲ್ಯ ಇರುವವರಿಗೆ. ಅವರೂ ಸಿಗದಿದ್ದರೆ ಅಂಗವೈಕಲ್ಯ ಇಲ್ಲದವರಿಗೇ ಕೊಡಬಹುದು, ಅದೇ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ದಾರಿಯಿದೆ. ಅವರಿಗೆ ಟ್ರಾಫಿಕ್ ಲೈಟ್ ಚೆನ್ನಾಗಿ ಕಾಣುತ್ತದೆ.