ಬಿತ್ತದೇ ಬಿಟ್ಟ ಗದ್ದೆಗೆ ಅರ್ಜಿ ಎಲ್ಲಿದೆ?

2024ರ ಫೆಬ್ರವರಿಯ ಒಂದು ಬೆಳಗ್ಗೆ ಕೋಯಿಕ್ಕೋಡಿನ ನಮ್ಮ ಮನೆಯಲ್ಲಿ ಮಲಯಾಳಂ ಪೇಪರ್ ಬಿಡಿಸಿದರೆ ಬೇಲೂರಿನ ಹೆಸರು ಕಂಡಿತು. ದೇವಸ್ಥಾನದ ಸುದ್ದಿ ಇರಬೇಕು ಅಂದುಕೊಂಡೆ. ಓದಿದರೆ 'ಬೇಲೂರು ಮಖನಾ' ಅನ್ನುವ ಕಾಡಾನೆ. ದಂತವಿಲ್ಲದ ಗಂಡಾನೆ. ಹಿಂದಿನ ವರ್ಷ ಬೇಲೂರು ಕಡೆ ಅದನ್ನು ಹಿಡಿದು, ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ, ಬಂಡೀಪುರದ ಕಾಡಿಗೆ ಬಿಟ್ಟಿದ್ದರು. ಅದು ಗಡಿ ದಾಟಿ ವಯನಾಡಿಗೆ ಬಂದು ಮಾನಂದವಾಡಿ ಹತ್ತಿರ ಮನೆಯೊಂದರ ಅಂಗಳದಲ್ಲೇ ಒಬ್ಬರನ್ನು ಕೊಂದಿತ್ತು.

ನಮ್ಮೂರು ಸಕಲೇಶಪುರ ತಾಲ್ಲೂಕು. ನಮ್ಮ ಕಡೆಯಿಂದ ಲಾರಿಯಲ್ಲಿ ಸಾಗಿಸಿದ ಕಷ್ಟ ಇಲ್ಲಿ ಬಂದು ಇನ್ನೊಬ್ಬರ ಮನೆ ಮುಂದೆ ಇಳಿದಿತ್ತು. ಅವತ್ತು ಆಫೀಸಿನಲ್ಲಿ ಪಕ್ಕದವರ ಮುಖ ನೋಡೋದೇ ಕಷ್ಟವಾಯಿತು.

ಆಮೇಲೆ ಇಲ್ಲಿ ಆದದ್ದನ್ನು ಹತ್ತಿರದಿಂದ ನೋಡಿದೆ. ಜನ ರಸ್ತೆಗಿಳಿದರು, ಹರತಾಳ ಮಾಡಿದರು. ಒಂದು ವಾರದೊಳಗೆ ವಯನಾಡಿನಲ್ಲಿ ಆನೆಗೆ ಇನ್ನೊಂದು ಜೀವ ಹೋಯಿತು. ಮಾರ್ಚ್ ಮೊದಲ ವಾರ ಕೇರಳ ಸರ್ಕಾರ ಮನುಷ್ಯ–ವನ್ಯಜೀವಿ ಸಂಘರ್ಷವನ್ನು ರಾಜ್ಯದ ವಿಶೇಷ ವಿಪತ್ತು ಅಂತ ಘೋಷಿಸಿತು. ನೆರೆ, ಬರಗಳ ಸಾಲಿಗೆ ಅದೂ ಸೇರಿತು. ಬರೀ ಅರಣ್ಯ ಇಲಾಖೆಯ ತಲೆನೋವಾಗಿದ್ದದ್ದು ಈಗ ಜಿಲ್ಲಾ ಕಲೆಕ್ಟರ್, ಪಂಚಾಯಿತಿ, ವಿಪತ್ತು ನಿರ್ವಹಣಾ ಪ್ರಾಧಿಕಾರ ಎಲ್ಲರ ಹೆಗಲಿಗೂ ಬಂತು. ಘೋಷಣೆಯಿಂದ ಸಾವು ನಿಂತಿಲ್ಲ, ಅದನ್ನೂ ಹೇಳಲೇಬೇಕು. ಆದರೆ ಯಾರನ್ನು ಕೇಳಬೇಕು ಅನ್ನೋದು ಜನಕ್ಕೆ ಗೊತ್ತಾಯಿತು.

ಸರ್ಕಾರ ಒಂದು ಕಷ್ಟಕ್ಕೆ ಏನಂತ ಹೆಸರಿಡುತ್ತದೋ ಅದರ ಹಿಂದೆಯೇ ನೀತಿ ಹೋಗುತ್ತದೆ. ಹಾಸನದ ಆನೆ ವಿಷಯದಲ್ಲೇ ನೋಡಿ. ಹೈಕೋರ್ಟ್ ಹೇಳಿ ಮಾಡಿಸಿದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಪ್ರೊಫೆಸರ್ ರಾಮನ್ ಸುಕುಮಾರ್ ಅದರ ಅಧ್ಯಕ್ಷರು. ಆಲೂರು–ಸಕಲೇಶಪುರ ಭಾಗ ಆನೆ ಇರಬಾರದ ಜಾಗ ಅಂತ ವರದಿ ಗುರುತಿಸಿತು. ಸಮಸ್ಯೆಯ ಹೆಸರು 'ಆನೆ ಇಲ್ಲಿರೋದು'. ಹಾಗಾಗಿ ಉತ್ತರ, ಹಿಡಿದು ಸಾಗಿಸೋದು. ಸಾಗಿಸಿದರು. ಆನೆಗಳು ಮತ್ತೆ ಬಂದವು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಇಂಥದ್ದೇ ಕಾರ್ಯಾಚರಣೆಯಲ್ಲಿ, ನಮ್ಮ ಯಸಳೂರಿನ ಕಾಡಿನಲ್ಲಿ.

ಇದನ್ನೇ ಬೇರೆ ಥರ ಕೇಳಿದವರೂ ಇದ್ದಾರೆ. ವನ್ಯಜೀವಿಗಳ ಬಗ್ಗೆ ಅಧ್ಯಯನ ಮಾಡುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ ಸಂಸ್ಥೆಯವರು ಮೊದಲು ತಮಿಳುನಾಡಿನ ವಾಲ್ಪಾರೈಯಲ್ಲಿ ಜನ ಹೇಗೆ ಸತ್ತರು ಅಂತ ಒಂದೊಂದೇ ಪ್ರಕರಣ ನೋಡಿದರು. ಹೆಚ್ಚಿನವರಿಗೆ ಆನೆ ಅಲ್ಲೇ ಇದೆ ಅನ್ನೋದೇ ಗೊತ್ತಿರಲಿಲ್ಲ. ಅಂದರೆ ಸಮಸ್ಯೆ 'ಸುದ್ದಿ ಮುಟ್ಟದಿರೋದು'. ಆಗ ಉತ್ತರವೂ ಬದಲಾಯಿತು: ಮೊಬೈಲಿಗೆ ಮೆಸೇಜು, ಆನೆ ಹತ್ತಿರ ಇದ್ದರೆ ರಸ್ತೆ ಪಕ್ಕ ಉರಿಯುವ ಕೆಂಪು ದೀಪ. ಅರಣ್ಯ ಇಲಾಖೆ ಜೊತೆ ಸೇರಿ ಹಾಸನದಲ್ಲೂ ಅದನ್ನೇ ಮಾಡಿದರು. ನಮ್ಮೂರ ಕಡೆ ಹೋದಾಗ ನೋಡಿದ್ದೇನೆ. ಬೆಳಗಿನ ಮಂಜಿನಲ್ಲಿ ಕಂಬದ ಮೇಲಿನ ದೀಪ ಮಿಣುಕ್ ಮಿಣುಕ್ ಅನ್ನುತ್ತಿರುತ್ತದೆ. ತೋಟದ ಗೇಟಿನ ಹೊರಗೆ ಊಟದ ಡಬ್ಬಿ ಹಿಡಿದ ಹೆಂಗಸರು ಸುಮ್ನೆ ನಿಂತಿರುತ್ತಾರೆ. ದೀಪ ಆರಿದ ಮೇಲೇ ಒಳಗೆ ಕಾಲಿಡೋದು. ಜೀವ ಉಳಿಯುತ್ತದೆ. ಆದರೆ ಹಾಗೆ ಹೋದ ಅರ್ಧ ದಿನದ ಕೂಲಿ?

ನನಗೆ ಜಾಸ್ತಿ ಕಾಡೋದು ಇಂಥ ಲೆಕ್ಕಕ್ಕೆ ಬಾರದ ನಷ್ಟಗಳು. ನಮ್ಮಣ್ಣ ಭತ್ತ ಹಾಕೋದು ಬಿಟ್ಟು ಆರು ವರ್ಷ ಆಯಿತು. ಮೊದಲು ಆನೆ ತುಳಿದಾಗ ಅರ್ಜಿ ಕೊಡುತ್ತಿದ್ದ. ಪಹಣಿ, ಆಧಾರ್, ಫೋಟೋ, ಗಾರ್ಡ್ ಬಂದು ಮಹಜರು. ಪರಿಹಾರ ಬಂದಾಗ ಅದು ಉಳುಮೆ ಖರ್ಚಿಗೂ ಸಾಲುತ್ತಿರಲಿಲ್ಲ. ಈಗ ಗದ್ದೆಯಲ್ಲಿ ಬರೀ ಹುಲ್ಲು. ಬೆಳೆ ಸಮೀಕ್ಷೆಗೆ ಬಂದ ಹುಡುಗ 'ಪಾಳು' ಅಂತ ಹಾಕಿಕೊಂಡು ಹೋದ. ಯಾಕೆ ಪಾಳು ಅಂತ ಕೇಳಲಿಲ್ಲ.

"ಆನೆ ತಿಂದಿದ್ದಕ್ಕೆ ಅರ್ಜಿ ಇದೆ ಕಣೋ. ಆನೆಗೆ ಹೆದರಿ ಬಿತ್ತದೇ ಬಿಟ್ಟಿದ್ದಕ್ಕೆ ಎಲ್ಲಿದೆ?" ಅಂದ ಅಣ್ಣ.

ಅವನ ಮಾತು ನಿಜ ಅಲ್ವಾ? ಬೆಳೆ ಇದ್ದರೆ ತಾನೇ ಬೆಳೆ ಹಾನಿ. ಜನ ಬೆಳೆಯೋದೇ ಬಿಟ್ಟರೆ ಅರ್ಜಿಗಳು ಕಮ್ಮಿಯಾಗುತ್ತವೆ, ಕಾಗದದ ಮೇಲೆ ಕಷ್ಟವೂ ಕಮ್ಮಿಯಾದಂತೆ ಕಾಣುತ್ತದೆ.

ಇಲ್ಲಿ ಕೇರಳದಲ್ಲಿ 1996ರಲ್ಲಿ ಜನಕೀಯಾಸೂತ್ರಣಂ, ಅಂದರೆ ಜನರೇ ಯೋಜನೆ ಮಾಡುವ ಕಾರ್ಯಕ್ರಮ, ಶುರುವಾದಾಗ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರು. ಅದಕ್ಕೂ ಮುಖ್ಯವಾಗಿ, ಗ್ರಾಮ ಸಭೆಯಲ್ಲಿ ಜನ ವಿಷಯಕ್ಕೊಂದು ಗುಂಪಾಗಿ ಕೂತು ತಮ್ಮ ಕಷ್ಟ ಏನು ಅಂತ ಮೊದಲು ಬರೆಸಿದರು. ಯೋಜನೆ ಆಮೇಲೆ. ಈಗ ಆ ಹುರುಪು ಅಷ್ಟಿಲ್ಲ ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ನಮ್ಮಲ್ಲೂ ಕಾನೂನಿನಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಇವೆ. ನಾನು ಕೂತ ಸಭೆಗಳಲ್ಲಿ ಮನೆ ಯಾರಿಗೆ, ನರೇಗಾ ಕೆಲಸ ಎಲ್ಲಿ ಅನ್ನೋದರಲ್ಲೇ ಮಧ್ಯಾಹ್ನ ಆಗುತ್ತಿತ್ತು. ಆನೆ ಮಾತೆತ್ತಿದರೆ "ಅದು ಫಾರೆಸ್ಟ್‌ನವರದ್ದು" ಅಂತ ಮುಂದಕ್ಕೆ ಹೋಗುತ್ತಿದ್ದರು.

ಕಳೆದ ಸಲ ಊರಿಗೆ ಹೋದಾಗ ಅಣ್ಣನೂ ನಾನೂ ಜಗಲಿಯಲ್ಲಿ ಕೂತು ಒಂದು ಪಟ್ಟಿ ಮಾಡಿದೆವು. ಯಾರ ಗದ್ದೆ, ಎಷ್ಟು ಎಕರೆ, ಯಾವ ವರ್ಷದಿಂದ ಬಿಟ್ಟರು, ಯಾಕೆ ಬಿಟ್ಟರು. ಹನ್ನೊಂದು ಮನೆಯವರು ಸಹಿ ಹಾಕಿದರು. ಮುಂದಿನ ಗ್ರಾಮ ಸಭೆಗೆ ಅಣ್ಣ ಅದನ್ನು ಕೊಡುತ್ತಾನೆ. ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ನಕಲು ಇಸ್ಕೊಂಡೇ ಬಾ ಅಂತ ಹೇಳಿದ್ದೇನೆ.