ಮಾರ್ಕ್ಸ್ ಕಾರ್ಡ್ ಒತ್ತೆ ಇಡದ ಬಾಂಡ್

"ಅಳಿಯಂದ್ರೇ, ಅವಳ ಮಾರ್ಕ್ಸ್ ಕಾರ್ಡನ್ನೂ ಅವರೇ ಇಟ್ಕೊಳ್ತಾರಾ?"

ನನ್ನ ಹೆಂಡತಿಗೆ ನರ್ಸಿಂಗ್ ಓದಲು ಅಮೆರಿಕ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿದೆ, ಓದು ಮುಗಿದ ಮೇಲೆ ಎರಡು ವರ್ಷ ನರ್ಸ್‌ಗಳ ಕೊರತೆ ಇರುವ ಕಡೆ ಕೆಲಸ ಮಾಡಬೇಕು ಅಂತ ಊರಿಗೆ ಫೋನ್ ಮಾಡಿ ಹೇಳಿದೆ. ಅದಕ್ಕೆ ನಮ್ಮ ಅತ್ತೆ ಕೇಳಿದ ಮೊದಲ ಪ್ರಶ್ನೆ ಇದು. ಖುಷಿಪಡುವುದು ಬಿಟ್ಟು ಹೀಗ್ಯಾಕೆ ಕೇಳ್ತಾರೆ ಅಂತ ಒಂದು ಕ್ಷಣ ಬೇಜಾರಾಯಿತು. ಆಮೇಲೆ ನೆನಪಾಯಿತು, ಅವರು ಬಾಂಡ್ ಅಂದರೆ ಏನು ಅಂತ ಮನೆಯಲ್ಲೇ ಕಂಡವರು.

ಹೆಂಡತಿಯ ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದಳು. ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಎಲ್ಲ ಅಡಿಕೆ ಮಾರಿದ ದುಡ್ಡು. ಓದು ಮುಗಿಯುತ್ತಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಅಂತ ಬಾಂಡ್ ಬರೆಸಿಕೊಂಡರು. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಒರಿಜಿನಲ್ ಕಾಗದ ಅವರ ಬೀರುವಿಗೆ ಹೋಯಿತು. ಒಂದು ವರ್ಷವಾದ ಮೇಲೆ ಕುವೈತ್‌ಗೆ ಹೋಗುವ ಅವಕಾಶ ಬಂತು. ಒರಿಜಿನಲ್ ಇಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲಾಗಲಿಲ್ಲ. ಕೊನೆಗೆ ಚಿಕ್ಕಪ್ಪ ಸಾಲ ಮಾಡಿ ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದರು. ಬಿಡಿಸಿಕೊಂಡು ಬಂದರು ಅನ್ನುವುದು ಅವರದೇ ಮಾತು. ಒಡವೆ ಅಡ ಇಟ್ಟಾಗ ಹೇಳುತ್ತೇವಲ್ಲ, ಹಾಗೆ.

ನಾನು ಕ್ಯಾನ್ಸಸ್ ರಾಜ್ಯದ ಒಂದು ದೇವಸ್ಥಾನದಲ್ಲಿ ಅರ್ಚಕ. ಅಮೆರಿಕದ ಕನ್ನಡಿಗ ಅಂದರೆ ಸಾಫ್ಟ್‌ವೇರ್ ಅಂತಲೇ ಜನ ಅಂದುಕೊಳ್ಳುತ್ತಾರೆ. ಸಂಬಳದ ವಿಷಯದಲ್ಲಿ ನಾನು ಆ ಸಾಲಿಗೆ ಸೇರುವುದಿಲ್ಲ. ಸ್ಕಾಲರ್‌ಶಿಪ್ ಸಿಗಲು ಅದೇ ಒಂದು ಕಾರಣವಾಯಿತು ಅನ್ನಿ.

ಇದರ ಹೆಸರು ನರ್ಸ್ ಕೋರ್ ಸ್ಕಾಲರ್‌ಶಿಪ್. ಇಲ್ಲಿಯ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯ ಕೆಳಗಿರುವ ಹರ್ಸಾ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. 2002ರ ಒಂದು ಕಾನೂನಿನಿಂದ ಶುರುವಾದದ್ದು. ಬೇರು ಇನ್ನೂ ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಲ್ಲಿ, ಕೆಡೆಟ್ ನರ್ಸ್ ಕೋರ್ ಅಂತ ಮಾಡಿದ್ದರು. ಯುದ್ಧ ಮುಗಿಯುವವರೆಗೆ ನರ್ಸ್ ಕೆಲಸ ಬಿಡುವುದಿಲ್ಲ ಅಂತ ಮಾತು ಕೊಟ್ಟರೆ ಓದು ಪುಕ್ಕಟೆ. ಹಾಗೆ ಓದಿ ಹೊರಬಂದವರು 1 ಲಕ್ಷ 24 ಸಾವಿರ ಜನ.

ಈಗಿನ ಸ್ಕಾಲರ್‌ಶಿಪ್ ಫೀಸು ಕಟ್ಟುತ್ತದೆ, ಪುಸ್ತಕ, ಯೂನಿಫಾರ್ಮಿಗೂ ಕೊಡುತ್ತದೆ. ತಿಂಗಳು ತಿಂಗಳು ಕೈಗೆ ಸ್ಟೈಪೆಂಡ್ ಬರುತ್ತದೆ. ಆ ಸ್ಟೈಪೆಂಡಿಗೆ ತೆರಿಗೆ ಇದೆ ಅನ್ನುವುದು ನಮಗೆ ಮೊದಲ ತಿಂಗಳ ಹಣ ಬಂದಾಗಲೇ ಸರಿಯಾಗಿ ತಲೆಗೆ ಹೋದದ್ದು. ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಮನೆಖರ್ಚು ಒಂದೇ ದಿನಕ್ಕೆ ಅಡಿಮೇಲಾಯಿತು.

ಅರ್ಜಿ ಹಾಕಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕೇ ಬೇಕು. ಗಂಡನ ವೀಸಾದ ಬಾಲ ಹಿಡಿದು ಬಂದು ವರ್ಷಗಟ್ಟಲೆ ಮನೆಯಲ್ಲಿ ಕೂತಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಈ ಬಾಗಿಲು ಮುಚ್ಚಿದೆ. ನಮಗೂ ಗ್ರೀನ್ ಕಾರ್ಡ್ ಬಂದ ಮೇಲೆಯೇ ದಾರಿ ಕಂಡದ್ದು. ಅವಳು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಕೋರ್ಸಿಗೆ ಸೀಟು ಹಿಡಿದಳು. ಮೊದಲ ಸಲ ಹಾಕಿದ ಅರ್ಜಿ ತಿರಸ್ಕೃತವಾಯಿತು. ಮನೆಯ ಕಷ್ಟ ಹೆಚ್ಚಿರುವವರಿಗೆ ಮೊದಲ ಆದ್ಯತೆ. ಆದರೆ ಕಷ್ಟ ಇರುವವರ ಸಾಲೂ ಉದ್ದವೇ ಇರುತ್ತದಲ್ಲ.

ಎರಡನೇ ಸಲ, 2022ರ ವಸಂತದಲ್ಲಿ, ಹಟ ಹಿಡಿದು ಕೂತೆವು. ಅರ್ಜಿಯಲ್ಲಿ ಪ್ರಬಂಧ ಬರೆಯಬೇಕು. ಸೌಲಭ್ಯ ಇಲ್ಲದ ಜನರ ನಡುವೆ ಯಾಕೆ ಕೆಲಸ ಮಾಡುತ್ತೀರಿ ಅನ್ನುವ ಅರ್ಥದ ಪ್ರಶ್ನೆಗಳು. ಮೊದಲ ಕರಡನ್ನು ನಾನೇ ಬರೆದುಕೊಟ್ಟೆ. ನಿಸ್ವಾರ್ಥ ಸೇವೆ, ಮನುಕುಲ, ಕರುಣೆ, ಎಲ್ಲ ಇತ್ತು ಅದರಲ್ಲಿ. ಅವಳು ಓದಿ, "ಇದು ನೀವು ರಾಮನವಮಿ ದಿನ ಮಾಡೋ ಭಾಷಣ" ಅಂದಳು. ಪಕ್ಕಕ್ಕಿಟ್ಟು ತಾನೇ ಬರೆದಳು.

ಅವಳು ಬರೆದದ್ದು ಹಿನ್ನೀರು ದಾಟಿಸುವ ಲಾಂಚಿನ ಕಥೆ. ಅವಳ ತವರು ಸಾಗರ ತಾಲೂಕಿನ ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಆ ಸೀಮೆ ಆಚೆ ದಡಕ್ಕೆ ಬಿತ್ತು. ಸಾಗರಕ್ಕೆ ಹೋಗಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ದಾಟಬೇಕಿತ್ತು. ಸಂಜೆಯ ಮೇಲೆ ಲಾಂಚ್ ಇರಲಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ, ಎದೆ ಹಿಡಿದುಕೊಂಡರೆ, ಕಾಡಿನ ದಾರಿ ಸುತ್ತಬೇಕಿತ್ತು. ಅಂಥ ಊರಲ್ಲಿ ಮನೆಯಿಂದ ಮನೆಗೆ ನಡೆದೇ ಬರುತ್ತಿದ್ದ ನರ್ಸಮ್ಮ ಒಬ್ಬರಿದ್ದರು. ಮಳೆಗಾಲದಲ್ಲಿ ಕೊಡೆ, ಒಂದು ಐಸ್ ಡಬ್ಬಿ, ಕಾಲಿಗೆ ಉಂಬಳ ಹತ್ತದಿರಲಿ ಅಂತ ಹಚ್ಚಿಕೊಂಡ ಸುಣ್ಣ. ಇಷ್ಟನ್ನೇ ಬರೆದಳು. ಕರುಣೆ ಅನ್ನುವ ಪದ ಒಂದು ಸಲವೂ ಇರಲಿಲ್ಲ.

ಜೊತೆಗೆ ಎರಡು ಶಿಫಾರಸು ಪತ್ರ ಬೇಕು. ಮೇಷ್ಟರ ಹತ್ತಿರ ಹೋಗಿ ನನ್ನ ಬಗ್ಗೆ ಒಳ್ಳೆಯದು ಬರೆದುಕೊಡಿ ಅಂತ ಕೇಳುವುದು ನಮಗೆ ಹುಟ್ಟಿನಿಂದ ಬರದ ವಿದ್ಯೆ. ಅವಳು ಎರಡು ವಾರ ಮುಂದೆ ಹಾಕಿದಳು. ಇಲ್ಲಿ ಕೊನೆಯ ದಿನ ಅಂದರೆ ಕೊನೆಯ ದಿನವೇ. ಒಂದು ಕಾಗದ ಕಡಿಮೆ ಇದ್ದರೂ ಅರ್ಜಿ ನೋಡುವುದಿಲ್ಲ. ನಾಳೆ ತಂದುಕೊಡ್ತೀನಿ ಸಾರ್ ಅನ್ನುವ ಮಾತು ನಡೆಯುವುದಿಲ್ಲ.

ಸಿಕ್ಕಿತು. ನಮ್ಮ ಕಡೆಯ ಕೆಲವರಿಗೆ ಖುಷಿಯಾಗಲಿಲ್ಲ. ಅರ್ಚಕರ ಮನೆ ಹೆಂಗಸು ಕಂಡವರ ಮಲಮೂತ್ರ ಬಳಿಯುವುದಾ ಅಂತ ಒಬ್ಬರು ನೇರವಾಗಿಯೇ ಕೇಳಿದರು. ಐಸಿಯುನಲ್ಲಿ ತಮ್ಮ ಅಪ್ಪನದನ್ನು ಯಾರು ಬಳಿದರು ಅಂತ ನಾನು ತಿರುಗಿ ಕೇಳಬಹುದಿತ್ತು. ಪೂಜೆಗೆ ಹೊತ್ತಾಗಿತ್ತು, ಸುಮ್ಮನಾದೆ.

ಸಿಗುವುದು ಸಣ್ಣ ವಿಷಯ, ಉಳಿಸಿಕೊಳ್ಳುವುದೇ ದೊಡ್ಡದು. ಪ್ರತಿ ಸೆಮಿಸ್ಟರ್ ಪೂರ್ತಿ ಹೊತ್ತಿನ ವಿದ್ಯಾರ್ಥಿಯಾಗಿಯೇ ಇರಬೇಕು. ಕಷ್ಟವಾಯಿತು ಅಂತ ಒಂದು ವಿಷಯ ಕೈಬಿಟ್ಟು ಆ ಲೆಕ್ಕದಿಂದ ಕೆಳಗಿಳಿದರೆ ಹಣ ನಿಲ್ಲುತ್ತದೆ. ಫೇಲಾಗಿ ಮತ್ತೆ ಓದಬೇಕಾದರೆ ಅದರ ಖರ್ಚು ಅವರದಲ್ಲ. ರಜೆ ಬೇಕೆಂದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು, ಆ ಅವಧಿಗೆ ಸ್ಟೈಪೆಂಡ್ ಇಲ್ಲ.

ಮೂರನೇ ಸೆಮಿಸ್ಟರಿನ ನಡುವೆ ನಮ್ಮ ಮಾವ ಹೋದರು. ಬೆಳಗಿನ ಜಾವ ಫೋನು ಬಂತು. ಹೋಗಿ ಬರಲು ಕಡಿಮೆ ಅಂದರೂ ಮೂರು ವಾರ. ಅಷ್ಟು ದಿನ ಆಸ್ಪತ್ರೆಯ ಕ್ಲಿನಿಕಲ್ ತರಬೇತಿ ತಪ್ಪಿದರೆ ಆ ವಿಷಯ ಹೋಯಿತು. ಅದೇ ವಿಷಯ ಮತ್ತೆ ಬರುವುದು ಮುಂದಿನ ವರ್ಷ. ರಜೆ ಕೇಳಿದರೆ ಕೊಡುತ್ತಿದ್ದರು, ಅದು ನಿಜ. ಆದರೆ ಒಂದು ವರ್ಷ ಸ್ಟೈಪೆಂಡ್ ಇಲ್ಲದೆ ನಾವು ಹೇಗೆ ಬದುಕುವುದು?

ಅವಳು ಹೋಗಲಿಲ್ಲ. ಮದುವೆಯಾದ ಮಗಳಿಗೆ ಮೂರು ದಿನ ಸೂತಕ. ಆ ಮೂರು ದಿನದ ಒಳಗೇ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ ಯೂನಿಫಾರ್ಮ್ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿ ಮಾವನಷ್ಟೇ ವಯಸ್ಸಿನ ಒಬ್ಬರನ್ನು ಮಗ್ಗುಲು ಬದಲಿಸಿ ಮಲಗಿಸಿ ಬಂದಳಂತೆ. ಹನ್ನೊಂದನೇ ದಿನದ ಕರ್ಮವನ್ನು ವಾಟ್ಸಾಪಿನಲ್ಲಿ ನೋಡಿದಳು. ನಡುವೆ ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟಿತು. ಊರಿನವರ ಮನೆಗಳಿಗೆ ಹೋಗಿ ಶ್ರಾದ್ಧದ ಮಹತ್ವ ಹೇಳುವವನು ನಾನು. ಆವತ್ತು ನನ್ನ ಬಾಯಲ್ಲಿ ಮಾತಿರಲಿಲ್ಲ. ನಿಯಮ ಮಾಡಿದವರು ಕೆಟ್ಟವರಲ್ಲ. ತವರು ಅನ್ನುವುದು ಸಮುದ್ರದ ಆಚೆ ಇರಬಹುದು ಅಂತ ಅವರು ಯೋಚಿಸಿರಲಿಕ್ಕಿಲ್ಲ, ಅಷ್ಟೇ.

ಇಷ್ಟೆಲ್ಲ ಇದ್ದರೂ ನಾನು ಇಲ್ಲಿಯ ಬಾಂಡನ್ನೇ ಒಪ್ಪುತ್ತೇನೆ. ಅದಕ್ಕೆ ಕಾರಣ ಅಮೆರಿಕ ಅನ್ನುವ ಮೋಹ ಅಲ್ಲ.

ಇಲ್ಲಿ ಮೊದಲು ಅವರು ಕೊಟ್ಟರು, ಆಮೇಲೆ ಇವಳು ಕಟ್ಟುಬಿದ್ದಳು. ಅದು ಋಣ, ಅರ್ಥವಾಗುತ್ತದೆ. ಚಿಕ್ಕಪ್ಪನ ಮಗಳ ವಿಷಯದಲ್ಲಿ ಫೀಸು ಕೊಟ್ಟವರೂ ಮನೆಯವರೇ, ಕಟ್ಟುಬಿದ್ದವಳೂ ಮನೆಮಗಳೇ. ಯಾವ ಋಣಕ್ಕೆ ಆ ಎರಡು ವರ್ಷ? ಕೆಲಸ ಕಲಿಸಿದ್ದೇವೆ ಅಂತ ಆಸ್ಪತ್ರೆಯವರು ಹೇಳುತ್ತಾರೆ. ಕಲಿಸುತ್ತಲೇ ಕಡಿಮೆ ಸಂಬಳಕ್ಕೆ ರಾತ್ರಿ ಪಾಳಿ ಮಾಡಿಸಿಕೊಂಡದ್ದರ ಲೆಕ್ಕ ಯಾರು ಬರೆದಿಟ್ಟಿದ್ದಾರೆ? 2011-12ರಲ್ಲಿ ಮುಂಬಯಿ, ದಿಲ್ಲಿ, ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದಾಗ ಸಂಬಳದ ಜೊತೆ ಕೇಳಿದ್ದು ಇದನ್ನೇ, ಬಾಂಡ್ ತೆಗೀರಿ, ಸರ್ಟಿಫಿಕೇಟ್ ವಾಪಸ್ ಕೊಡಿ ಅಂತ. ಬಾಂಡ್ ಸಲ್ಲದು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಸುತ್ತೋಲೆ ಕೊಟ್ಟಿದೆ. ಆದರೂ ನಮ್ಮ ಹುಡುಗಿಯ ಕಾಗದ ಬೀರುವಿನಲ್ಲೇ ಇತ್ತು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಹುಡುಗಿ ಒಬ್ಬ ಮಾಲೀಕನಿಗೆ ಕಟ್ಟುಬಿದ್ದಳು. ನನ್ನ ಹೆಂಡತಿ ಕಟ್ಟುಬಿದ್ದದ್ದು ಕೊರತೆಗೆ. ಕೊರತೆ ಇದೆ ಅಂತ ಗುರುತಿಸಿದ ಯಾವ ಆಸ್ಪತ್ರೆಯಾದರೂ ಸರಿ. ಹಳ್ಳಿಯ ಕ್ಲಿನಿಕ್ಕು, ಬಡವರ ಆರೋಗ್ಯ ಕೇಂದ್ರ, ಮೂಲನಿವಾಸಿಗಳ ಆಸ್ಪತ್ರೆ, ಎಲ್ಲಾದರೂ ಹುಡುಕಿಕೊಳ್ಳಬಹುದು. ಹುಡುಕುವ ಕಷ್ಟವೂ ಅವಳದೇ ಅನ್ನಿ. ಪರೀಕ್ಷೆ ಪಾಸಾಗಿ ಲೈಸೆನ್ಸ್ ಬಂದ ಮೇಲೆ ನಮ್ಮ ಮನೆಯ ಹತ್ತಿರದ ದೊಡ್ಡ ಆಸ್ಪತ್ರೆ ಬಾ ಅಂತ ಕರೆಯಿತು. ಅದು ಪಟ್ಟಿಯಲ್ಲಿ ಇರಲಿಲ್ಲ. ಸಿಕ್ಕಿದ್ದು ಎರಡು ಗಂಟೆ ದೂರದ ಗೋಧಿ ಬೆಳೆಯುವ ಊರಿನ ಸಣ್ಣ ಆಸ್ಪತ್ರೆ. ಕ್ರಿಟಿಕಲ್ ಆಕ್ಸೆಸ್ ಆಸ್ಪತ್ರೆ ಅನ್ನುತ್ತಾರೆ, 25ಕ್ಕಿಂತ ಜಾಸ್ತಿ ಹಾಸಿಗೆ ಇರುವಂತಿಲ್ಲ. ಆದರೆ ಅಲ್ಲಿ ಮೇಲಿನವರು ಸರಿ ಇಲ್ಲ ಅಂದರೆ ಅನುಮತಿ ಪಡೆದು ಪಟ್ಟಿಯಲ್ಲಿರುವ ಬೇರೆ ಕಡೆ ಹೋಗಬಹುದು. ಈ ಒಂದು ಸಾಧ್ಯತೆ ಇದೆ ಅನ್ನುವುದೇ ಮೇಲಿನವರನ್ನು ಸ್ವಲ್ಪ ಸರಿ ಇಟ್ಟಿರುತ್ತದೆ.

ವಾರಕ್ಕೆ 32 ಗಂಟೆಗೆ ಕಡಿಮೆ ಇಲ್ಲದಂತೆ, ವರ್ಷಕ್ಕೆ 45 ವಾರ ಕೆಲಸ ಮಾಡಬೇಕು. ಇವಳದು ಹನ್ನೆರಡು ಗಂಟೆಯ ಮೂರು ಪಾಳಿ, 36 ಆಗುತ್ತದೆ. ಮೂರು ದಿನ ಅಲ್ಲೇ ಒಂದು ಬಾಡಿಗೆ ರೂಮಿನಲ್ಲಿ ಇರುತ್ತಾಳೆ, ಉಳಿದ ನಾಲ್ಕು ದಿನ ಇಲ್ಲಿ. ಆರು ತಿಂಗಳಿಗೊಮ್ಮೆ ಕೆಲಸ ಮಾಡಿದ್ದಾಳೆ ಅಂತ ಆಸ್ಪತ್ರೆಯವರು ದೃಢೀಕರಿಸಬೇಕು. ನಡುವೆ ಬಿಟ್ಟರೆ ಕೊಟ್ಟದ್ದಷ್ಟನ್ನೂ ಬಡ್ಡಿ ಸಮೇತ ಮೂರು ವರ್ಷದೊಳಗೆ ವಾಪಸ್ ಕಟ್ಟಬೇಕು. ಬಡ್ಡಿಯೂ ಕಡಿಮೆ ಏನಲ್ಲ. ಡಾಕ್ಟರುಗಳಿಗೆ ಇಂಥದ್ದೇ ಇನ್ನೊಂದು ಯೋಜನೆ ಇದೆ, ಅದರಲ್ಲಿ ಬಿಟ್ಟು ಹೋದರೆ ಮೂರು ಪಟ್ಟು. ಭಯವಾಗುವ ಲೆಕ್ಕ. ಆದರೆ ಸಹಿ ಹಾಕುವ ಮೊದಲೇ ಅದು ಕಾಗದದ ಮೇಲೆ ಇತ್ತು. ಬಿಟ್ಟು ಹೋಗುವ ಬೆಲೆ ಎಷ್ಟು ಅಂತ ಗೊತ್ತಿತ್ತು. ಅವಳ ಮಾರ್ಕ್ಸ್ ಕಾರ್ಡ್ ಮಾತ್ರ ನಮ್ಮ ಟ್ರಂಕಿನಲ್ಲೇ ಇತ್ತು.

ಊರಿನಲ್ಲಿ ನ್ಯಾಯವಾದ ಬಾಂಡ್ ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. ಅಲ್ಲಿ ಹೆಣ್ಣುಮಕ್ಕಳಿಗೆ ಬಿಎಸ್ಸಿ ನರ್ಸಿಂಗ್ ಪುಕ್ಕಟೆ, ಊಟ ವಸತಿಯೂ ಸೇರಿ. ಓದಿದ ಮೇಲೆ ಸೇನೆಯ ನರ್ಸಿಂಗ್ ಅಧಿಕಾರಿಯಾಗಿ ಸೇವೆ. ಕೊಟ್ಟು ಕಟ್ಟುವ ರೀತಿ ಅದು. ನಮ್ಮ ಕಡೆ ಪಿಯುಸಿ ಓದುವ ಎಷ್ಟು ಹುಡುಗಿಯರಿಗೆ ಅದು ಗೊತ್ತಿದೆ? ಇನ್ನು ಡಾಕ್ಟರುಗಳಿಗಂತೂ ಕರ್ನಾಟಕದಲ್ಲಿ 2012ರ ಕಡ್ಡಾಯ ಸೇವೆಯ ಕಾಯ್ದೆಯೇ ಇದೆ. ಎಲ್ಲರನ್ನೂ ಒಂದೇ ಕೋಲಿನಲ್ಲಿ ಅಟ್ಟುವುದಕ್ಕಿಂತ, ಯಾದಗಿರಿಗೋ ತುಮರಿಗೋ ನಾನು ಹೋಗುತ್ತೇನೆ ಅಂತ ಕೈ ಎತ್ತುವ ನರ್ಸಿಂಗ್ ಹುಡುಗಿಗೆ ಪೂರ್ತಿ ಫೀಸು ಕಟ್ಟಿದರೆ ಏನಾಗುತ್ತದೆ ಅಂತ ನೋಡಬಹುದಲ್ವಾ? ಜಾಗವನ್ನು ಪಟ್ಟಿಯೊಳಗಿಂದ ಅವಳೇ ಆರಿಸಿಕೊಳ್ಳಲಿ. ಬಿಟ್ಟರೆ ದುಡ್ಡು ವಾಪಸ್ ಕಟ್ಟಲಿ. ಕಾಗದ ಮಾತ್ರ ಅವಳ ಹತ್ತಿರವೇ ಇರಲಿ.

2025ರ ಜುಲೈನಲ್ಲಿ ಹೊಳೆಬಾಗಿಲಿಗೆ ಸೇತುವೆ ಬಂತು. ಅತ್ತೆ ಅದರ ಮೇಲೆ ಹೋಗಿ ಬಂದು ಫೋನ್ ಮಾಡಿದರು. "ಈಗ ರಾತ್ರಿನೂ ದಾಟಬಹುದು ಅಳಿಯಂದ್ರೇ. ಇವಳ ಎರಡು ವರ್ಷ ಯಾವಾಗ ಮುಗಿಯುತ್ತೆ?"

ಇನ್ನು ಏಳು ತಿಂಗಳಿದೆ. ಗೋಧಿ ಊರಿನ ಆಸ್ಪತ್ರೆಯವರು ಆಮೇಲೂ ಇರ್ತೀರಾ ಅಂತ ಈಗಲೇ ಕೇಳುತ್ತಿದ್ದಾರೆ. ಅವಳು ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನನಗೂ ಹೇಳಿಲ್ಲ.