ಓಡುವ ಕಾರನ್ನು ಏಕೆ ಮಾರಬೇಕು?

"ಕಾರು ಹಳೆಯದಾಯಿತಲ್ಲ, ಯಾವಾಗ ಬದಲಾಯಿಸುತ್ತೀರಿ?" ಈ ಪ್ರಶ್ನೆ ಕೇಳಿ ಕೇಳಿ ರೋಸಿಹೋಗಿದ್ದೇನೆ. ಹೊಸ ಕಾರಿನ ಬೆಲೆ ಮೊದಲ ವರ್ಷದಲ್ಲೇ ಸಾಮಾನ್ಯವಾಗಿ ಶೇ. 15ರಿಂದ 20ರಷ್ಟು ಕರಗುತ್ತದೆ. ಆಮೇಲೆ ಇಳಿಕೆಯ ವೇಗ ತಗ್ಗುತ್ತದೆ. ಆ ದೊಡ್ಡ ಪೆಟ್ಟನ್ನು ನನ್ನ ಕಾರು ಎಂದೋ ತಿಂದಾಗಿದೆ, ಸಾಲವೂ ತೀರಿದೆ. ಈಗ ಅದು ಓಡುವ ಪ್ರತಿ ವರ್ಷವೂ ನನಗೆ ಉಳಿತಾಯ. ಕ್ಲಚ್, ಟೈರು, ಬ್ಯಾಟರಿ ಎಂದು ಒಮ್ಮೊಮ್ಮೆ ದೊಡ್ಡ ಖರ್ಚು ಬರುತ್ತದೆ, ನಿಜ. ಆದರೆ ರಿಪೇರಿಯ ಬಿಲ್ಲು ಕಣ್ಣಿಗೆ ರಾಚುತ್ತದೆ. ಸವಕಳಿಗೆ, ಅಂದರೆ ಕಾರಿನ ಬೆಲೆ ಕರಗುವುದಕ್ಕೆ, ಯಾರೂ ಬಿಲ್ಲು ಕೊಡುವುದಿಲ್ಲ! ಅದಕ್ಕೇ ಜನ ಗ್ಯಾರೇಜಿನ ಖರ್ಚಿಗೆ ಹೆದರಿ ಕಂತು, ಬಡ್ಡಿ, ದುಬಾರಿ ವಿಮೆ ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುತ್ತಾರೆ. ತುಕ್ಕು ಹಿಡಿದು ಸುರಕ್ಷತೆಗೇ ಕುತ್ತು ಬಂದರೆ ಮಾರೋಣ. ಬಣ್ಣ ಮಾಸಿತೆಂದು, ನೆರೆಯವರು ಹೊಸದು ಕೊಂಡರೆಂದು ಮಾರಬೇಕೇ?